ಗಡಿಯಾರ ನೋಡಿ ತಿನ್ನುವುದೋ, ದಾರಿ ನೋಡಿ ತಿನ್ನುವುದೋ: ಮೊದಲ ಮ್ಯಾರಥಾನ್ ಮೌಂಟನ್ ಬೈಕ್ ರೇಸಿನ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಸವಾರರು 38 ವರ್ಷದ ಮಹಿಳೆ; ತೂಕ 61 ಕಿಲೋ. ರಸ್ತೆ ಸೈಕಲ್ ತುಳಿದು ಆರು ವರ್ಷ, ಮೌಂಟನ್ ಬೈಕ್ ಹಿಡಿದು ಎರಡು ವರ್ಷ. ಅವರು ಹೆಸರು ಕೊಟ್ಟ ಮೊದಲ ದೀರ್ಘದೂರದ ರೇಸ್ 72 ಕಿಲೋಮೀಟರ್‌ನದು, ಒಟ್ಟು ಏರಿಕೆ 2,100 ಮೀಟರ್. 6 ಗಂಟೆ 40 ನಿಮಿಷದಲ್ಲಿ ಮುಗಿಸಬಹುದೆಂದು ಲೆಕ್ಕ ಹಾಕಿದ್ದೆವು. ಅವರು ಮುಗಿಸಿದ್ದು 7 ಗಂಟೆ 28 ನಿಮಿಷದಲ್ಲಿ. ರೇಸಿನ ಅಂತಿಮ ಗಡುವು 8 ಗಂಟೆ. ಹದಿನಾರು ವಾರಗಳ ತಯಾರಿಯಲ್ಲಿ ಅವರ ಜೊತೆಗಿದ್ದವನು ನಾನು. ರೇಸಿನ ದಿನ ಏನನ್ನು ಯಾವಾಗ ತಿನ್ನಬೇಕೆಂಬ ಯೋಜನೆಯನ್ನು ಬರೆದುಕೊಟ್ಟವನೂ ನಾನೇ. ತಪ್ಪಿದ 48 ನಿಮಿಷಗಳಲ್ಲಿ ಹೆಚ್ಚಿನ ಪಾಲು ಆ ಯೋಜನೆಯದೆಂದು ಈಗ ನನಗೆ ಖಚಿತವಾಗಿದೆ. ಹೇಗೆಂಬುದನ್ನು ದಾಖಲಿಸುವುದಕ್ಕಾಗಿ ಈ ಬರಹ.

ರೇಸಿನ ಬಗೆಯ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಿಂದ ಒಲಿಂಪಿಕ್ಸ್‌ನಲ್ಲಿರುವ ಕ್ರಾಸ್ ಕಂಟ್ರಿ ಸ್ಪರ್ಧೆಯು ಚಿಕ್ಕ ಸುತ್ತುಗಳ ಮೇಲೆ ಹೆಚ್ಚುಕಡಿಮೆ ಒಂದೂವರೆ ಗಂಟೆಯೊಳಗೆ ಮುಗಿಯುವಂಥದ್ದು. ಅದರಲ್ಲಿ ಊಟದ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ, ಏಕೆಂದರೆ ದೇಹದಲ್ಲಿ ಮೊದಲೇ ಇರುವ ಸಂಗ್ರಹ ಆ ಅವಧಿಗೆ ಸಾಕಾಗುತ್ತದೆ. ಮ್ಯಾರಥಾನ್ ಪ್ರಕಾರ ಬೇರೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಅದರ ದೂರವನ್ನು 60ರಿಂದ 160 ಕಿಲೋಮೀಟರ್ ಎಂದು ಇಟ್ಟಿದೆ, ಮತ್ತು 2003ರಲ್ಲಿ ಸ್ವಿಟ್ಜರ್‌ಲೆಂಡಿನ ಲುಗಾನೋದಲ್ಲಿ ಆ ಪ್ರಕಾರಕ್ಕೆ ಪ್ರತ್ಯೇಕ ವಿಶ್ವ ಚಾಂಪಿಯನ್‌ಷಿಪ್ ಆರಂಭವಾಯಿತು. ಈ ಪ್ರಕಾರದಲ್ಲಿ ತಿನ್ನುವುದೂ ಕುಡಿಯುವುದೂ ಸವಾರಿಯ ಭಾಗವೇ ಹೊರತು ಅದರ ನಡುವಿನ ಬಿಡುವಲ್ಲ. ನಮ್ಮ ಸವಾರರ ರೇಸ್ ಈ ವ್ಯಾಪ್ತಿಯ ಕೆಳ ತುದಿಯಲ್ಲಿತ್ತು. ಮೊದಲ ಸಲಕ್ಕೆ ಅದು ಸರಿಯಾದ ಆಯ್ಕೆ ಎಂದು ನಾನು ಇಂದಿಗೂ ಹೇಳುತ್ತೇನೆ.

ತಯಾರಿ

ವಾರಕ್ಕೆ ಆರರಿಂದ ಒಂಬತ್ತು ಗಂಟೆ ಸವಾರಿ. ಅದರಲ್ಲಿ ಎರಡು ದಿನ ತೀವ್ರ ಅಭ್ಯಾಸ, ಒಂದು ದಿನ ದೀರ್ಘ ಸವಾರಿ, ಉಳಿದದ್ದು ಮಾತನಾಡಿಕೊಂಡು ತುಳಿಯಬಹುದಾದಷ್ಟು ಹಗುರ. ಅತಿ ದೀರ್ಘ ಸವಾರಿ 4 ಗಂಟೆ 40 ನಿಮಿಷದ್ದು. ಕೊನೆಯ ಎರಡು ವಾರಗಳಲ್ಲಿ ಸವಾರಿಯ ಒಟ್ಟು ಅವಧಿಯನ್ನು ಸುಮಾರು ಅರ್ಧಕ್ಕೆ ಇಳಿಸಿ, ತೀವ್ರ ಅಭ್ಯಾಸವನ್ನು ಮಾತ್ರ ಚಿಕ್ಕ ರೂಪದಲ್ಲಿ ಉಳಿಸಿಕೊಂಡೆವು. ಈ ಭಾಗದಲ್ಲಿ ನಾನು ಬದಲಿಸಬೇಕೆನ್ನುವುದು ಹೆಚ್ಚೇನಿಲ್ಲ. ರೇಸಿನ ಬೆಳಿಗ್ಗೆ ಅವರ ಕಾಲುಗಳು ತಾಜಾ ಆಗಿದ್ದವು, ನಿದ್ದೆ ಸರಿಯಾಗಿತ್ತು.

ಕೊರತೆ ಇದ್ದದ್ದು ಬೇರೆ ಕಡೆ. ದೀರ್ಘ ಸವಾರಿಗಳಲ್ಲಿ ಬಹುಪಾಲು ಅಗಲವಾದ ಮಣ್ಣುರಸ್ತೆಯಲ್ಲಿ ಮತ್ತು ಡಾಂಬರಿನ ಮೇಲೆ ನಡೆದಿದ್ದವು. ಕಲ್ಲು, ಬೇರು ತುಂಬಿದ ಕಾಲುದಾರಿಯಲ್ಲಿ ಒಂದು ಗಂಟೆಗೂ ಮೀರಿ ಎಡೆಬಿಡದೆ ಓಡಿಸಿದ ದಿನ ಒಂದೂ ಇರಲಿಲ್ಲ. ಹಾಗಾಗಿ ಪ್ರತಿ 20 ನಿಮಿಷಕ್ಕೆ ಗಡಿಯಾರದ ಎಚ್ಚರಿಕೆ ಬಾರಿಸುವುದು, ಬಾರಿಸಿದಾಗ 20 ಗ್ರಾಂ ಕಾರ್ಬೋಹೈಡ್ರೇಟ್ ಇರುವ ಒಂದು ತುಂಡು ಅಥವಾ ಅರ್ಧ ಪೊಟ್ಟಣ ಜೆಲ್ (ಸಕ್ಕರೆಯ ಗಟ್ಟಿ ಪಾಕ) ತಿನ್ನುವುದು ಎಂಬ ನನ್ನ ಯೋಜನೆ ಅಭ್ಯಾಸದಲ್ಲಿ ಒಮ್ಮೆಯೂ ಸೋಲಲಿಲ್ಲ. ಅದು ಸೋಲಬಹುದಾದ ದಾರಿಯಲ್ಲಿ ನಾವು ಅದನ್ನು ಪರೀಕ್ಷಿಸಿರಲೇ ಇಲ್ಲ.

ಗಂಟೆಗೆ 60 ಗ್ರಾಂ ಎಂಬ ಮೊತ್ತಕ್ಕೆ ಕಾರಣವಿತ್ತು. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟ ಕಾರ್ಬೋಹೈಡ್ರೇಟ್ ವಯಸ್ಕರಲ್ಲಿ ಸಾಮಾನ್ಯವಾಗಿ 400ರಿಂದ 500 ಗ್ರಾಂನಷ್ಟಿರುತ್ತದೆ. ಜೋರಾಗಿ ತುಳಿಯುವಾಗ ನಿಮಿಷಕ್ಕೆ ಎರಡರಿಂದ ಮೂರು ಗ್ರಾಂ ಕರಗಬಹುದು. ಹಗುರವಾಗಿ ತುಳಿದರೆ ಕೊಬ್ಬು ಹೆಚ್ಚಿನ ಪಾಲನ್ನು ಹೊರುತ್ತದೆ. ಗ್ಲೂಕೋಸನ್ನು ಮಾತ್ರ ಕೊಟ್ಟರೆ ದೇಹ ಗಂಟೆಗೆ ಸುಮಾರು 60 ಗ್ರಾಂಗಿಂತ ಹೆಚ್ಚನ್ನು ಬಳಸಿಕೊಳ್ಳಲಾರದು. ಫ್ರಕ್ಟೋಸ್ ಕರುಳಿನಿಂದ ರಕ್ತಕ್ಕೆ ಬೇರೆ ದಾರಿಯಲ್ಲಿ ಸಾಗುವುದರಿಂದ, ಎರಡನ್ನೂ ಬೆರೆಸಿ, ಕರುಳನ್ನು ಅದಕ್ಕೆ ಪಳಗಿಸಿದವರು 90 ಗ್ರಾಂವರೆಗೂ ಹೋಗಬಲ್ಲರು. ಮೊದಲ ರೇಸಿಗೆ 60 ಸಾಕೆಂದು ತೀರ್ಮಾನಿಸಿದ್ದೆವು. ಮೊತ್ತ ತಪ್ಪಾಗಿರಲಿಲ್ಲ.

ಮೊದಲ 34 ಕಿಲೋಮೀಟರ್

ಆರಂಭದ 4 ಕಿಲೋಮೀಟರ್ ಅಗಲವಾದ ಮಣ್ಣುರಸ್ತೆ. ಅಲ್ಲಿಂದ ದಾರಿ ಒಬ್ಬರೇ ಹೋಗುವಷ್ಟು ಕಿರಿದಾದ ಸಿಂಗಲ್ ಟ್ರ್ಯಾಕ್‌ಗೆ ತಿರುಗುತ್ತದೆ. ಅಲ್ಲೇ ಮೊದಲ ಏರು ಆರಂಭವಾಗಿ 16ನೇ ಕಿಲೋಮೀಟರಿನವರೆಗೆ 620 ಮೀಟರ್ ಏರುತ್ತದೆ. ಕಾಲುದಾರಿಯ ಬಾಯಿಗೆ ತಡವಾಗಿ ತಲುಪಿದವರು ಮುಂದಿನವರ ವೇಗಕ್ಕೆ ಕಟ್ಟುಬೀಳುತ್ತಾರೆ, ಎಲ್ಲೋ ಒಬ್ಬರು ಇಳಿದು ನಡೆದರೆ ಹಿಂದಿನ ಇಪ್ಪತ್ತು ಜನ ಇಳಿದು ನಡೆಯಬೇಕಾಗುತ್ತದೆ. ಆದ್ದರಿಂದ ಆರಂಭದಲ್ಲಿ ಎಲ್ಲರೂ ನುಗ್ಗುವುದರಲ್ಲಿ ಅರ್ಥವಿದೆ, ಅದನ್ನು ಬರೀ ಉದ್ವೇಗವೆಂದು ತಳ್ಳಿಹಾಕುವುದು ಸರಿಯಲ್ಲ.

ಆದರೆ ಅದರ ಬೆಲೆಯನ್ನು ನೋಡಬೇಕು. ನಮ್ಮ ಸವಾರರು ಒಂದು ಗಂಟೆಯವರೆಗೆ ಎಳೆಯಬಲ್ಲ ತೀವ್ರತೆಯಲ್ಲಿ ಅವರ ಹೃದಯ ಬಡಿತ ನಿಮಿಷಕ್ಕೆ 170ರ ಆಸುಪಾಸಿನಲ್ಲಿರುತ್ತದೆ. ಏರುಗಳಲ್ಲಿ 155 ಮೀರಬಾರದೆಂದು ಮಾತಾಗಿತ್ತು. ಮೊದಲ 36 ನಿಮಿಷಗಳ ಸರಾಸರಿ 172 ಬಂದಿದೆ. ರೇಸಿನ ಉದ್ವೇಗವೇ ಬಡಿತವನ್ನು ಒಂದಿಷ್ಟು ಏರಿಸುತ್ತದೆ ಎಂಬುದನ್ನು ಕಳೆದರೂ, ಇದು ಏಳು ಗಂಟೆಗಳ ಸವಾರಿಯ ಆರಂಭವಲ್ಲ. ಆ 36 ನಿಮಿಷದಲ್ಲಿ ನಿಮಿಷಕ್ಕೆ ಎರಡೂವರೆ ಗ್ರಾಂ ಲೆಕ್ಕ ಹಿಡಿದರೆ 90 ಗ್ರಾಂ ಗ್ಲೈಕೊಜೆನ್ ಖರ್ಚಾಗಿದೆ, ಮತ್ತು ಅದನ್ನು ತುಂಬಿಕೊಳ್ಳುವ ಕೆಲಸ ಅದೇ ಹೊತ್ತಿನಲ್ಲಿ ಶುರುವಾಗಲಿಲ್ಲ.

20ನೇ ನಿಮಿಷದ ಎಚ್ಚರಿಕೆ ಬಾರಿಸಿದಾಗ ಅವರು ಕಿರಿದಾದ ದಾರಿಯಲ್ಲಿ, ಮುಂದಿನ ಚಕ್ರಕ್ಕೂ ತಮ್ಮ ಚಕ್ರಕ್ಕೂ ಒಂದು ಮೊಳ ಅಂತರ ಇಟ್ಟುಕೊಂಡು ಏರುತ್ತಿದ್ದರು. ಕೈ ಬಿಡುವ ಮಾತೇ ಇರಲಿಲ್ಲ. 40ರದ್ದು ಬಾರಿಸಿದಾಗ ಉಸಿರು ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ, ಬಾಯಿಗೆ ಹಾಕಿದ್ದನ್ನು ನುಂಗುವಷ್ಟು ಹೊತ್ತು ಬಾಯಿ ಮುಚ್ಚಲಾಗಲಿಲ್ಲ ಎಂದು ಆಮೇಲೆ ಹೇಳಿದರು. 60 ಮತ್ತು 80ರಲ್ಲಿ ತಿಂದರು. 1 ಗಂಟೆ 22 ನಿಮಿಷಕ್ಕೆ ಏರಿನ ತಲೆ ತಲುಪಿದರು. 100ನೇ ನಿಮಿಷದ ಎಚ್ಚರಿಕೆ ಬಾರಿಸಿದ್ದು 16ರಿಂದ 24ನೇ ಕಿಲೋಮೀಟರ್‌ವರೆಗಿನ ಕಲ್ಲಿನ ಇಳಿಜಾರಿನ ನಡುವೆ. ಆ ಇಳಿಜಾರು 31 ನಿಮಿಷ ತೆಗೆದುಕೊಂಡಿತು. ಅದಾದ ಮೇಲೆ 34ರವರೆಗೆ ಬೇರುಗಳ ಮೇಲೆ ಏಳುತ್ತ ಬೀಳುತ್ತ, ತಿರುವಿನಿಂದ ತಿರುವಿಗೆ ಹೋಗುವ ದಾರಿ, 58 ನಿಮಿಷ. ಅಲ್ಲಿ ಬಾರಿಸಿದ ಮೂರು ಎಚ್ಚರಿಕೆಗಳಲ್ಲಿ ಒಂದಕ್ಕೆ ಮಾತ್ರ ಕೈ ಜೇಬಿಗೆ ಹೋಯಿತು.

ಲೆಕ್ಕ ಹೀಗೆ: 2 ಗಂಟೆ 51 ನಿಮಿಷದೊಳಗೆ ಎಂಟು ಎಚ್ಚರಿಕೆ, ತಿನ್ನಬೇಕಾದದ್ದು 160 ಗ್ರಾಂ, ತಿಂದದ್ದು ಮೂರು ತುಂಡು, 60 ಗ್ರಾಂ. ಬೆನ್ನಿನ ನೀರಿನ ಚೀಲದಲ್ಲಿ ಇದ್ದದ್ದು ಬರೀ ನೀರು. ನಳಿಕೆ ಬಾಯಿಯ ಹತ್ತಿರವೇ ಇದ್ದುದರಿಂದ ನೀರನ್ನು ಸರಿಯಾಗಿಯೇ ಕುಡಿದಿದ್ದರು, ಆ ನೀರಿನಲ್ಲಿ ಸಕ್ಕರೆಯೂ ಇರಲಿಲ್ಲ, ಉಪ್ಪೂ ಇರಲಿಲ್ಲ.

ಇಳಿಜಾರಿನಲ್ಲಿ ದೇಹಕ್ಕೆ ವಿಶ್ರಾಂತಿ ಸಿಗುತ್ತದೆ ಎಂಬ ನಂಬಿಕೆಯನ್ನೂ ಇಲ್ಲಿ ತಿದ್ದಬೇಕು. ರಸ್ತೆಯಲ್ಲಿ ಅದು ನಿಜ. ಕಲ್ಲಿನ ಇಳಿಜಾರಿನಲ್ಲಿ ಪೆಡಲ್ ತುಳಿಯದಿದ್ದರೂ ಸವಾರರು ಸೀಟಿನಿಂದ ಎದ್ದು, ಮೊಣಕಾಲು ಮೊಣಕೈ ಬಗ್ಗಿಸಿ, ಪ್ರತಿ ಹೊಡೆತವನ್ನೂ ತೋಳು ತೊಡೆಗಳಲ್ಲಿ ತಡೆದುಕೊಳ್ಳುತ್ತಿರುತ್ತಾರೆ. ಆ 31 ನಿಮಿಷಗಳಲ್ಲಿ ಅವರ ಹೃದಯ ಬಡಿತದ ಸರಾಸರಿ 149. ಅಂದರೆ ಖರ್ಚು ನಿಂತಿರಲಿಲ್ಲ, ಆದಾಯ ಮಾತ್ರ ಪೂರ್ತಿ ನಿಂತಿತ್ತು.

34ನೇ ಕಿಲೋಮೀಟರಿನ ಫೀಡ್ ಝೋನ್‌ನಲ್ಲಿ, ಅಂದರೆ ಸವಾರರು ನಿಂತು ತಿಂದು ಕುಡಿಯುವ ಜಾಗದಲ್ಲಿ, ನಾನು ನಿಂತಿದ್ದೆ. ಯೋಜನೆಯ ಪ್ರಕಾರ ಅವರು 2 ಗಂಟೆ 55 ನಿಮಿಷಕ್ಕೆ ಬರಬೇಕಿತ್ತು. ನಾಲ್ಕು ನಿಮಿಷ ಮೊದಲೇ ಬಂದರು. ನನಗೆ ಸಂತೋಷವಾಯಿತು. ಮುಖದಲ್ಲಿ ದಣಿವು ಕಾಣಲಿಲ್ಲ, ಮಾತು ಸ್ಪಷ್ಟವಾಗಿತ್ತು. ಜೇಬಿನಲ್ಲಿ ಎಷ್ಟು ಉಳಿದಿದೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಐದು ತುಂಡುಗಳು ಹಾಗೇ ಇದ್ದದ್ದು ಆಗಲೇ ಗೊತ್ತಾಗುತ್ತಿತ್ತು. ಈ ಇಡೀ ಪ್ರಕರಣದಲ್ಲಿ ನಾನು ಹೆಚ್ಚು ಸಲ ನೆನೆದುಕೊಂಡಿರುವುದು ಆ ನಾಲ್ಕು ನಿಮಿಷಗಳನ್ನೇ. ಮೊದಲ ರೇಸಿನಲ್ಲಿ ಸಮಯದ ಪಟ್ಟಿಗಿಂತ ಮುಂದಿರುವುದು ಒಳ್ಳೆಯ ಸುದ್ದಿಯಲ್ಲ. ಏನನ್ನೋ ಸಾಲ ತಂದಿದ್ದಾರೆ ಎಂಬುದರ ಗುರುತು ಅದು.

ಎರಡನೇ ಏರು

ತಾವು ತಿಂದದ್ದು ಕಡಿಮೆಯಾಯಿತೆಂದು ಸವಾರರಿಗೆ ಗೊತ್ತಿತ್ತು. ಅದನ್ನು ಸರಿಪಡಿಸಲು ಅವರು ಫೀಡ್ ಝೋನ್‌ನಲ್ಲಿ ನಾಲ್ಕು ನಿಮಿಷ ನಿಂತು, ಅಷ್ಟರಲ್ಲೇ ಸುಮಾರು 70 ಗ್ರಾಂ ಒಟ್ಟಿಗೆ ತಿಂದು, ಕೂಡಲೇ 700 ಮೀಟರಿನ ಏರಿಗೆ ಹೊರಟರು. ಪೆಡಲ್ ಜೋರಾಗಿ ತುಳಿಯುವಾಗ ರಕ್ತ ಕಾಲಿನ ಸ್ನಾಯುಗಳಿಗೂ ಚರ್ಮಕ್ಕೂ ಹರಿದು ಹೊಟ್ಟೆ ಕರುಳಿನ ಪಾಲು ತಗ್ಗುತ್ತದೆ, ಮತ್ತು ಮೂರು ಗಂಟೆ ಹೆಚ್ಚುಕಡಿಮೆ ಖಾಲಿಯಿದ್ದ ಹೊಟ್ಟೆಗೆ ಒಮ್ಮೆಲೇ ಬಿದ್ದ ಸಿಹಿ ಅಲ್ಲೇ ಕುಳಿತುಬಿಡುತ್ತದೆ. 38ನೇ ಕಿಲೋಮೀಟರಿನಲ್ಲಿ ಹೊಟ್ಟೆ ತೊಳಸತೊಡಗಿತು. 40ರ ಹೊತ್ತಿಗೆ ಅವರು ಇಳಿದು ಸೈಕಲ್ ತಳ್ಳುತ್ತಿದ್ದರು. ಹೊಟ್ಟೆ ತುಂಬಿದೆ, ಆದರೆ ಕಾಲಿಗೆ ಶಕ್ತಿ ಬರುತ್ತಿಲ್ಲ ಎಂಬ ಸ್ಥಿತಿ. ಸುತ್ತಲಿನದೆಲ್ಲ ದೂರ ಸರಿದಂತೆ ಆಯಿತು, ಸುಲಭವಾದ ಗೇರನ್ನು ಹುಡುಕುವುದಕ್ಕೂ ಯೋಚಿಸಬೇಕಾಯಿತು ಎಂದು ಅವರು ವಿವರಿಸಿದ್ದಾರೆ. ರಕ್ತದ ಸಕ್ಕರೆ ಇಳಿದಾಗ ಮೊದಲು ಮಂಕಾಗುವುದು ಹೀಗೆ ಮನಸ್ಸೇ.

1 ಗಂಟೆ 25 ನಿಮಿಷ ಎಂದು ಅಂದಾಜಿಸಿದ್ದ ಏರು 1 ಗಂಟೆ 48 ನಿಮಿಷವಾಯಿತು. 48 ನಿಮಿಷಗಳ ನಷ್ಟದಲ್ಲಿ 23 ಇಲ್ಲೇ ಹೋದವು. ಮೂರನೇ ಏರಿನಲ್ಲಿ 19, ಎರಡನೇ ನಿಲುಗಡೆಯಲ್ಲಿ ಯೋಜನೆಗಿಂತ ಹೆಚ್ಚಾಗಿ 7, ಒಂದು ಪಂಕ್ಚರ್‌ಗೆ 3. ಮೊದಲಿಗೆ ಉಳಿಸಿದ 4 ನಿಮಿಷಗಳನ್ನು ಇದರಿಂದ ಕಳೆಯಬೇಕು.

ಪಂಕ್ಚರ್ ವಿಷಯ ಚಿಕ್ಕದು. 48ನೇ ಕಿಲೋಮೀಟರಿನ ಇಳಿಜಾರಿನಲ್ಲಿ ಚೂಪಾದ ಕಲ್ಲು ಹಿಂದಿನ ಟೈರನ್ನು ತೂತು ಮಾಡಿತು. ಟ್ಯೂಬ್‌ಲೆಸ್ ಟೈರಿನೊಳಗಿನ ಸೀಲೆಂಟ್ ಎಂಬ ಅಂಟುದ್ರವ ಚಿಮ್ಮಿತಾದರೂ ತೂತನ್ನು ಮುಚ್ಚುವಷ್ಟು ಸಾಲಲಿಲ್ಲ. ತೂತಿಗೆ ರಬ್ಬರಿನ ಪ್ಲಗ್ ಚುಚ್ಚಿ, ಕೈಪಂಪಿನಿಂದ ಗಾಳಿ ತುಂಬಿ ಹೊರಟರು. ಹಳೆಯ ಟೈರಿನ ಮೇಲೆ ಮೂರು ಸಲ ಮಾಡಿ ನೋಡಿದ್ದ ಕೆಲಸವಾದ್ದರಿಂದ ಮಂಕಾದ ತಲೆಯಲ್ಲೂ ಕೈ ತಾನಾಗಿ ನಡೆಯಿತು.

52ನೇ ಕಿಲೋಮೀಟರಿನ ಕಟ್-ಆಫ್, ಅಂದರೆ ಅಲ್ಲಿಂದ ಮುಂದೆ ಬಿಡುವ ಗಡುವು, 5 ಗಂಟೆ 30 ನಿಮಿಷಕ್ಕೆ. ಅವರು 5 ಗಂಟೆ 10 ನಿಮಿಷಕ್ಕೆ ತಲುಪಿದರು. ಅಲ್ಲಿ ಅವರು ಮಾಡಿದ್ದು ಅಂದಿನ ಅತ್ಯಂತ ವಿವೇಕದ ನಿರ್ಧಾರ: ಕೈಯಲ್ಲಿದ್ದ ಇಪ್ಪತ್ತು ನಿಮಿಷಗಳಲ್ಲಿ ಹನ್ನೊಂದನ್ನು ಕುಳಿತು ಕಳೆದರು. ಉಪ್ಪು ಬೆರೆಸಿದ ಸಿಹಿ ಪಾನೀಯವನ್ನು ಗುಟುಕು ಗುಟುಕಾಗಿ ಕುಡಿದು, ಪ್ರತಿ ಎರಡು ನಿಮಿಷಕ್ಕೆ ಒಂದು ಚಿಕ್ಕ ತುತ್ತು ತಿಂದು, ಹೊಟ್ಟೆ ತಣಿದ ಮೇಲೆ ಎದ್ದರು. ಬೇಗ ಹೊರಡುವಂತೆ ಸುತ್ತಲಿದ್ದವರು ಹೇಳುತ್ತಿದ್ದರು. ಅವರು ಹೊರಡಲಿಲ್ಲ. ಮೂರನೇ ಏರು ನಿಧಾನವಾಗಿತ್ತು, 560 ಮೀಟರಿಗೆ 1 ಗಂಟೆ 34 ನಿಮಿಷ; ಆದರೆ ಅದರಲ್ಲಿ ಒಮ್ಮೆಯೂ ಇಳಿದು ತಳ್ಳಲಿಲ್ಲ. ಆ ಹನ್ನೊಂದು ನಿಮಿಷವಿಲ್ಲದಿದ್ದರೆ ರೇಸ್ ಮುಗಿಯುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ.

ಕೈಬೆರಳುಗಳು

ಇನ್ನೊಂದು ದೋಷ ಆಹಾರದಷ್ಟು ಸಮಯ ತಿನ್ನಲಿಲ್ಲ, ಆದರೆ ಹೆಚ್ಚು ದಿನ ಉಳಿಯಿತು. ಅಭ್ಯಾಸದಲ್ಲಿ ಮುಂದಿನ ಟೈರಿಗೆ 1.6 ಬಾರ್, ಹಿಂದಿನದಕ್ಕೆ 1.75 ಬಾರ್ ಗಾಳಿ ಇಡುತ್ತಿದ್ದರು. ರೇಸಿನ ಬೆಳಿಗ್ಗೆ ಪಂಕ್ಚರ್ ಭಯದಿಂದ ಎರಡನ್ನೂ 2.1ಕ್ಕೆ ಏರಿಸಿದರು. ಗಟ್ಟಿಯಾದ ಟೈರ್ ಬೇರಿನ ಮೇಲೆ ಬಾಗದೆ ಪುಟಿಯುತ್ತದೆ. ಹಿಡಿತ ಕಡಿಮೆಯಾಗಿ ಬ್ರೇಕ್ ಹೆಚ್ಚು ಹಿಡಿಯಬೇಕಾಗುತ್ತದೆ. ಟೈರ್ ನುಂಗಬೇಕಿದ್ದ ಕಂಪನವೆಲ್ಲ ಅಂಗೈಗೆ ಬರುತ್ತದೆ. ಅವರದು ಹಿಂದೆ ಸಸ್ಪೆನ್ಷನ್ ಇಲ್ಲದ, ಮುಂದೆ 100 ಮಿಲಿಮೀಟರ್ ಕುಗ್ಗುವ ಸಸ್ಪೆನ್ಷನ್ ಫೋರ್ಕ್ ಇರುವ ಹಾರ್ಡ್‌ಟೇಲ್ ಸೈಕಲ್. ಸಾಲದ್ದಕ್ಕೆ ಬ್ರೇಕ್ ಲಿವರ್ ಅವರ ಚಿಕ್ಕ ಕೈಗೆ ದೂರವಾಗಿತ್ತು. ಎರಡು ಬೆರಳಿನಿಂದ ಎಳೆಯಬೇಕಾಗುತ್ತಿತ್ತು, ಹ್ಯಾಂಡಲ್‌ಬಾರ್ ಹಿಡಿಯಲು ಉಳಿದ ಬೆರಳುಗಳ ಮೇಲೆ ಇಡೀ ಭಾರ.

ಕಿರುಬೆರಳಿನ ಬದಿಯ ಅಂಗೈಯ ಬುಡದಲ್ಲಿ ಹಾದುಹೋಗುವ ಅಲ್ನಾರ್ ನರ ಒತ್ತಿದಾಗ ಕಿರುಬೆರಳು ಮತ್ತು ಉಂಗುರದ ಬೆರಳು ಜೋಮು ಹಿಡಿಯುತ್ತವೆ. ದೂರದ ಸೈಕಲ್ ಸವಾರರಲ್ಲಿ ಇದು ಸಾಮಾನ್ಯವಾಗಿ ಕಾಣುವ ತೊಂದರೆ. ನಮ್ಮ ಸವಾರರಿಗೆ ಮೊದಲ ಇಳಿಜಾರಿನ ಕೊನೆಯಲ್ಲೇ ಬಲಗೈಯಲ್ಲಿ ಅದು ಶುರುವಾಗಿ, ರೇಸಿನ ನಂತರ ಒಂಬತ್ತು ದಿನ ಉಳಿಯಿತು. ಬೇರಿನ ದಾರಿಯಲ್ಲಿ ಜೇಬಿಗೆ ಕೈ ಹಾಕಲು ಅವರು ಹಿಂಜರಿದದ್ದರ ಹಿಂದೆ ಇದೂ ಇತ್ತೆಂಬುದು ಬಹಳ ತಡವಾಗಿ ತಿಳಿಯಿತು: ಜೋಮು ಹಿಡಿದ ಬೆರಳಿಗೆ ಪೊಟ್ಟಣದ ತುದಿ ಸಿಗುತ್ತಿರಲಿಲ್ಲ. ನಾನು ಬೇರೆ ಬೇರೆಯಾಗಿ ಬರೆದಿಟ್ಟುಕೊಂಡಿದ್ದ ಎರಡು ದೋಷಗಳು ಇಲ್ಲಿ ಒಂದಕ್ಕೊಂದು ಬಲ ಕೊಟ್ಟಿದ್ದವು.

ಬದಲಾದ ಯೋಜನೆ

ಎರಡು ವಾರಗಳ ನಂತರ ಇಬ್ಬರೂ ಕುಳಿತು ಜಿಪಿಎಸ್ ದಾಖಲೆಯನ್ನು ಕಿಲೋಮೀಟರ್‌ಗೊಂದರಂತೆ ನೋಡಿದೆವು. ಕೇಳಿಕೊಂಡ ಪ್ರಶ್ನೆ ಒಂದೇ: ಈ ದಾರಿಯಲ್ಲಿ ಒಂದು ಕೈಯನ್ನು ಹತ್ತು ಸೆಕೆಂಡ್ ಬಿಡಬಹುದಾದ ಜಾಗ ಎಲ್ಲೆಲ್ಲಿದೆ? ಮೊದಲ 34 ಕಿಲೋಮೀಟರಿನಲ್ಲಿ ಅಂಥ ಎಂಟು ಜಾಗ ಸಿಕ್ಕವು. 2ನೇ ಕಿಲೋಮೀಟರಿನ ಅಗಲ ರಸ್ತೆ. 8, 11, 14ರಲ್ಲಿ ಏರು ತುಸು ಸಪಾಟಾಗುವ ಕಡೆಗಳು. ಇಳಿಜಾರಿಗೆ ಬೀಳುವ ಮೊದಲು 15.5, ಇಳಿಜಾರು ಮುಗಿದ ಕೂಡಲೇ 24, ಬೇರಿನ ದಾರಿಯ ನಡುವೆ 27 ಮತ್ತು 31ರ ಚಿಕ್ಕ ತೆರವುಗಳು. ಈ ಅಂಕಿಗಳನ್ನು ಬಿಳಿ ಟೇಪಿನ ಮೇಲೆ ಬರೆದು ಸೈಕಲ್ಲಿನ ಮೇಲಿನ ಕೊಳವೆಗೆ ಅಂಟಿಸಿದರು. ಗಡಿಯಾರದ ಎಚ್ಚರಿಕೆ ತೆಗೆದುಹಾಕಿದರು.

ಹೀಗೆ ಮಾಡಿದಾಗ ತಿನ್ನುವ ನಡುವಿನ ಅಂತರ ಸಮನಾಗಿರುವುದಿಲ್ಲ. ಏರಿನ ತಲೆಯ ಹತ್ತಿರ ಹದಿನೈದು ನಿಮಿಷದೊಳಗೆ ಎರಡು ಸಲ ತಿನ್ನಬೇಕು, ಆಮೇಲೆ ಅರ್ಧ ಗಂಟೆಗೂ ಹೆಚ್ಚು ಏನೂ ಇಲ್ಲ. ಸಮನಾದ ಅಂತರ ಕರುಳಿಗೆ ಹಿತವೆಂಬುದು ನಿಜವಾದರೂ, ತಪ್ಪಿಹೋಗುವ ಸಮನಾದ ಯೋಜನೆಗಿಂತ ನಡೆಯುವ ಅಸಮ ಯೋಜನೆ ಮೇಲು. ಉಳಿದ ಕೊರತೆಯನ್ನು ನೀರಿನ ಚೀಲಕ್ಕೆ ವಹಿಸಿದೆವು: ಪ್ರತಿ ಲೀಟರಿಗೆ 60 ಗ್ರಾಂ ಕಾರ್ಬೋಹೈಡ್ರೇಟ್, ಜೊತೆಗೆ ಉಪ್ಪು. ನಳಿಕೆಯನ್ನು ಹಲ್ಲಿನಿಂದ ಕಚ್ಚಿ ಹಿಡಿಯುವುದಕ್ಕೆ ಒಂದು ಕ್ಷಣ ಸಾಕು. ಪೊಟ್ಟಣಗಳ ತುದಿಯನ್ನು ಮನೆಯಲ್ಲೇ ಅರ್ಧ ಸೀಳಿ, ಬೆನ್ನಿನ ಜೇಬಿನ ಬದಲು ಮೇಲಿನ ಕೊಳವೆಯ ಚಿಕ್ಕ ಚೀಲದಲ್ಲಿಟ್ಟರು. ಬ್ರೇಕ್ ಲಿವರನ್ನು ಒಂದೇ ಬೆರಳಿಗೆ ಎಟುಕುವಷ್ಟು ಒಳಗೆ ತಂದರು, ಟೈರಿನ ಗಾಳಿ ಮೊದಲಿನ ಅಳತೆಗೆ ಮರಳಿತು.

ರೇಸಾಗಿ ಐದು ವಾರಕ್ಕೆ ಅದೇ ದಾರಿಯ ಮೊದಲ 46 ಕಿಲೋಮೀಟರನ್ನು ಅವರು ಒಂಟಿಯಾಗಿ ಓಡಿಸಿದರು. ಆರಂಭದಲ್ಲಿ ಬಡಿತ 155ರೊಳಗಿತ್ತು. 34ನೇ ಕಿಲೋಮೀಟರ್ ತಲುಪಿದ್ದು 2 ಗಂಟೆ 58 ನಿಮಿಷಕ್ಕೆ, ಅಂದರೆ ರೇಸಿಗಿಂತ 7 ನಿಮಿಷ ತಡವಾಗಿ. ಎಂಟು ಜಾಗಗಳಲ್ಲಿ ಏಳರಲ್ಲಿ ತಿಂದಿದ್ದರು. ಮೂರು ನಿಮಿಷ ನಿಂತು ಎರಡನೇ ಏರಿಗೆ ಹೊರಟು, ಅದನ್ನು 1 ಗಂಟೆ 26 ನಿಮಿಷದಲ್ಲಿ, ಒಮ್ಮೆಯೂ ಇಳಿಯದೆ ಮುಗಿಸಿದರು. ಏರಿನ ತಲೆಗೆ 4 ಗಂಟೆ 27 ನಿಮಿಷ. ರೇಸಿನ ದಿನ ಅದೇ ಜಾಗಕ್ಕೆ 4 ಗಂಟೆ 43 ನಿಮಿಷವಾಗಿತ್ತು.

ಈ 16 ನಿಮಿಷಗಳನ್ನು ಪೂರ್ತಿ ಹೊಸ ಯೋಜನೆಗೆ ಬರೆದುಕೊಳ್ಳುವುದು ಪ್ರಾಮಾಣಿಕವಾಗದು. ಆ ದಿನ ಗುಂಪಿನ ನೂಕುನುಗ್ಗಲು ಇರಲಿಲ್ಲ, ದಾರಿ ಪರಿಚಿತವಾಗಿತ್ತು, ಟೈರ್ ಮೆತ್ತಗಿತ್ತು, ಹವೆಯೂ ತಂಪಾಗಿತ್ತು. ಗುಂಪಿನಲ್ಲಿ 2ನೇ ಕಿಲೋಮೀಟರಿನ ಅಗಲ ರಸ್ತೆಯಲ್ಲೇ ತಿನ್ನಲು ಕೈ ಬಿಡುವ ಧೈರ್ಯ ಇರುತ್ತದೋ ಇಲ್ಲವೋ ಎಂಬುದು ಮುಂದಿನ ರೇಸಿನಲ್ಲೇ ತಿಳಿಯಬೇಕು. ಅಲ್ಲಿ ಕಾಲುದಾರಿಯ ಬಾಯಿಗೆ ಹಿಂದಿನವರಾಗಿ ತಲುಪಿ ನಾಲ್ಕೈದು ನಿಮಿಷ ಕಳೆದುಕೊಂಡರೂ ಸರಿ, ಮೊದಲ ತುಂಡನ್ನು ತಿಂದೇ ತಿರುಗಬೇಕೆಂಬುದು ನನ್ನ ಸಲಹೆ. ಸವಾರರು ಅದನ್ನು ಇನ್ನೂ ಪೂರ್ತಿ ಒಪ್ಪಿಲ್ಲ. ತಪ್ಪಿದ ಆ ಒಂದು ಜಾಗ 27ನೇ ಕಿಲೋಮೀಟರಿನದು: ನಾವು ನಕ್ಷೆಯಲ್ಲಿ ತೆರವೆಂದು ಗುರುತಿಸಿದ್ದ ಕಡೆ ಎರಡು ಒದ್ದೆ ಬೇರುಗಳು ಅಡ್ಡಲಾಗಿದ್ದವು. ಮನೆಗೆ ಬಂದು ಅವರು ಟೇಪಿನ ಮೇಲೆ 27ನ್ನು ಹೊಡೆದುಹಾಕಿ, ಪಕ್ಕದಲ್ಲಿ 28.2 ಎಂದು ಬರೆದರು.